ಕಿಟಕಿಯ ಪಕ್ಕದ ನನ್ನ ಜಾಗ

೩೦ ಜೂನ್ ೨೦೨೪, ರವಿವಾರ

ನಾಳೆ ಕೆಲಸಕ್ಕೆ ಹೋಗಬೇಕು. ಬರೆದರೆ ಎದೆಯ ಡವಡವ ಕಡಿಮೆಯಾದೀತೆಂದು ಬರೆಯುತ್ತಿದ್ದೇನೆ. ನಮ್ಮ ಮನೆಯವರು ದುಡಿಯುವ ಹತ್ತಿ ದಲಾಲಿ ಅಂಗಡಿಯಿಂದ ಈ ಡೈರಿ ಪುಕ್ಕಟೆ ಬಂದದ್ದು. ಜನವರಿಯಿಂದ ಇವತ್ತಿನವರೆಗೆ ಪೂರಾ ಖಾಲಿ. ಅಷ್ಟು ದಿನ ನಾನು ಎಲ್ಲಿದ್ದೆ ಅಂದರೆ, ಹೆಬ್ಬಳ್ಳಿಯ ತವರುಮನೆಯಲ್ಲಿ ಕಿವಿಗೆ ಅರಿವೆ ಕಟ್ಟಿಕೊಂಡು, ಅಗ್ಗಿಷ್ಟಿಕೆ ಕಾಸಿಕೊಂಡು, ಬೆಳ್ಳುಳ್ಳಿ ತಿನ್ನುತ್ತಿದ್ದೆ. ಐದನೇ ತಿಂಗಳಿಗೆ ಕೂಸನ್ನು ಕರೆದುಕೊಂಡು ಅಮ್ಮಿನಬಾವಿಗೆ, ಗಂಡನ ಮನೆಗೆ ಬಂದೆ. ವಾರವಾಯಿತು.

ಮಧ್ಯಾಹ್ನವೆಲ್ಲ ಕೂಸಿನ ಉಗುರು ನೋಡುತ್ತ ಕೂತಿದ್ದೆ. ಅಷ್ಟು ಸಣ್ಣ ಬೆರಳಿಗೆ ಅಷ್ಟು ನೆಟ್ಟಗೆ ಉಗುರು! ನನ್ನ ಹೊಟ್ಟೆಯೊಳಗೆ, ನನಗೇ ಗೊತ್ತಿಲ್ಲದೆ, ಯಾರು ಕೂತು ಈ ಕೆಲಸ ಮಾಡಿದರು? ಅತ್ತೆ ನೋಡಿ, ಹಂಗೆ ಕಣ್ಣು ಕೀಲಿಸಿ ನೋಡಬಾರದು, ತಾಯಿಯ ದೃಷ್ಟಿಯೂ ತಾಗುತ್ತದೆ ಎಂದು ಬೈದರು.

ನಮ್ಮ ಲ್ಯಾಬ್ ಧಾರವಾಡದ ಹೊರಗಿದೆ. ಅಲ್ಲಿ ಬಾಳೆಯ ಸಸಿಗಳನ್ನು ಮಣ್ಣಿನಲ್ಲಲ್ಲ, ಬಾಟಲಿಯಲ್ಲಿ ಬೆಳೆಸುತ್ತೇವೆ. ಗಡ್ಡೆಯ ತುದಿಯಿಂದ ಕಡಲೆಕಾಳಿನಷ್ಟು ತುಣುಕು ತೆಗೆದು ಬಾಟಲಿಯಲ್ಲಿಟ್ಟರೆ ಅದು ಚಿಗುರುತ್ತದೆ. ಚಿಗುರನ್ನು ಕತ್ತರಿಸಿ ಇಟ್ಟರೆ ಮತ್ತೆ ಚಿಗುರುತ್ತದೆ. ಒಂದು ತುಣುಕಿನಿಂದ ಒಂದು ತೋಟ. ನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದರೂ ಆ ಸೋಜಿಗ ನನಗೆ ಹಳತಾಗಿಲ್ಲ. ಶುದ್ಧ ಗಾಳಿ ಬೀಸುವ ಗಾಜಿನ ಪೆಟ್ಟಿಗೆಯ ಮುಂದೆ ಕೂತು ಕತ್ತರಿಸುತ್ತೇವೆ. ಅದಕ್ಕೆ ಲ್ಯಾಮಿನಾರ್ ಅನ್ನುತ್ತಾರೆ. ಕಿಟಕಿಯ ಪಕ್ಕದ್ದು ನನ್ನದು.

ಇಪ್ಪತ್ತಾರು ವಾರ ರಜೆ ಕೊಟ್ಟರು, ಪಗಾರವನ್ನೂ ಕೊಟ್ಟರು. ಮ್ಯಾನೇಜರ್ ಬಾಳಕೃಷ್ಣ ಸರ್ ದೇವರಂಥವರು. ಅವರ ಋಣ ಹೇಗೆ ತೀರಿಸಲಿ?

೧ ಜುಲೈ, ಸೋಮವಾರ

ನನ್ನ ಜಾಗದಲ್ಲಿ ಬೇರೆ ಹುಡುಗಿ ಕೂತಿದ್ದಾಳೆ. ಹೆಸರು ಇಂದು. ನಾನು ರಜೆಗೆ ಹೋದ ಮೇಲೆ ತೆಗೆದುಕೊಂಡರಂತೆ. ನನ್ನನ್ನು ಕಂಡು ಎದ್ದು ನಿಂತಳು, ಪಾಪ, ಮುಖ ಕೆಂಪಗಾಗಿತ್ತು.

ಸರ್ ಒಳಗೆ ಕರೆದು ಬಹಳ ಪ್ರೀತಿಯಿಂದ ಮಾತಾಡಿದರು. ಮನೆಯಲ್ಲಿ ಸಣ್ಣ ಕೂಸು, ರಾತ್ರಿ ನಿದ್ದೆ ಇರುವುದಿಲ್ಲ, ಬ್ಲೇಡಿನ ಕೆಲಸ ಈಗ ನಿನಗೆ ಬೇಡ. ಬಾಟಲಿ ತೊಳೆಯುವ ವಿಭಾಗಕ್ಕೆ ಹಾಕಿದ್ದೇವೆ, ಏಪ್ರಿಲ್‌ನಲ್ಲೇ ಆದೇಶವಾಗಿದೆ ಅಂದರು. ಗ್ರೇಡ್ ಒಂದು ಮೆಟ್ಟಿಲು ಕೆಳಗೆ, ಅಷ್ಟೇ. ‘ನಿನ್ನ ಛಲೋದಕ್ಕನ’ ಎಂಬ ಮಾತನ್ನು ಎರಡು ಸಲ ಹೇಳಿದರು. ನಾನು ಥ್ಯಾಂಕ್ಸ್ ಹೇಳಿ ಬಂದೆ.

ಬಾಟಲಿ ತೊಳೆದೆ. ಹನ್ನೊಂದು ಗಂಟೆಗೆ ಎದೆ ಕಲ್ಲಾಯಿತು. ರಸ್ತೆಯಲ್ಲಿ ಯಾರದೋ ಕೂಸು ಅತ್ತಿತು ನೋಡಿ, ನನ್ನ ಕುಬಸ ತೊಯ್ದುಹೋಯಿತು. ಯಾರದೋ ಕೂಸು! ನನ್ನ ಮೈಗೆ ಅದು ಹೇಗೆ ಕೇಳಿಸಿತು, ನನಗಿಂತ ಮೊದಲು? ಬಚ್ಚಲಿಗೆ ಹೋಗಿ ಹಾಲು ಹಿಂಡಿ ಚೆಲ್ಲಿದೆ. ನೀರು ಹಾಕುವಾಗ ಅಳು ಬಂತು.

೩ ಜುಲೈ, ಬುಧವಾರ

ಬಾಟಲಿ ತೊಳೆದೆ. ಕೈ ಸುಕ್ಕಾಗಿದೆ.

೬ ಜುಲೈ, ಶನಿವಾರ

ಇವತ್ತು ಶಹಜಹಾನಬೇಗಂ ಖಾಲಾ ನನ್ನ ಊಟದ ಡಬ್ಬಿ ಕಸಿದುಕೊಂಡು ತಮ್ಮ ಪಕ್ಕ ಕೂಡಿಸಿದರು. ಎಲ್ಲರೂ ಖಾಲಾ, ಅಂದರೆ ಚಿಕ್ಕವ್ವ, ಅನ್ನುವ ಇವರು ನಮ್ಮ ಲ್ಯಾಬಿನ ಅಡಿಗೆಮನೆಯವರು. ಅಡಿಗೆ ನಮಗಲ್ಲ, ಸಸಿಗಳಿಗೆ. ಸಕ್ಕರೆ, ಉಪ್ಪು, ಏನೇನೋ ಔಷಧಿ ಕುದಿಸಿ ಸಸಿಗಳು ಕೂರುವ ಜೆಲ್ಲಿ ಮಾಡುತ್ತಾರೆ. ಇಪ್ಪತ್ತು ವರ್ಷದ ನೌಕರಿ. ಯಾರಿಗೂ ಹೆದರುವುದಿಲ್ಲ.

ಯಾಕೆ ಸುಮ್ಮನಿದ್ದೀ ಎಂದು ಕೇಳಿದರು. ಸರ್ ನನ್ನ ಛಲೋದಕ್ಕೇ ಮಾಡಿದ್ದಾರೆ, ರಜೆ ಕೊಟ್ಟಿದ್ದೇ ಹೆಚ್ಚು, ಇನ್ನೇನು ಕೇಳಲಿ ಅಂದೆ. ಖಾಲಾ ನನ್ನ ಮುಖವನ್ನೇ ನೋಡಿದರು.

“ಅಳದಿದ್ದರ ತಾಯಿನೂ ಹಾಲು ಕುಡಸೂದಿಲ್ಲವಾ. ನಾಳೆ ನಮ್ಮ ಮನಿಗೆ ಬಾ. ಫರಹತ ಬರ್ತಾಳ, ಆಕೀನ್ನ ಕೇಳೂಣು.”

ಫರಹತ ಅವರ ಮಗಳು. ಹುಬ್ಬಳ್ಳಿಯಲ್ಲಿ ಕಾನೂನು ಓದಿ ಈಗ ದೇಶಪಾಂಡೆ ನಗರದ ಒಬ್ಬ ವಕೀಲರ ಹತ್ತಿರ ಕಲಿಯುತ್ತಿದ್ದಾಳೆ.

೭ ಜುಲೈ, ರವಿವಾರ

ಇವತ್ತಿನದನ್ನು ಎಷ್ಟು ಬರೆದರೂ ಸಾಲದು.

ಕೂಸನ್ನು ಎತ್ತಿಕೊಂಡು ಧಾರವಾಡದ ಖಾಲಾನ ಮನೆಗೆ ಹೋದೆ. ಮನೆಯಲ್ಲಿ ಶೀರ್‌ಖುರ್ಮಾ, ಅಂದರೆ ಈದಿನ ಶ್ಯಾವಿಗೆ ಪಾಯಸ, ಮಾಡಿದ್ದರು, ಹಬ್ಬವಲ್ಲ ಏನಲ್ಲ, ಹಡೆದವಳು ಬರುತ್ತಾಳೆಂದು. ಫರಹತ ನನಗಿಂತ ಸಣ್ಣವಳು, ತೆಳ್ಳಗೆ, ಮಾತು ಪಟಪಟ. ನಾನು ಮೊದಲಿನಿಂದ ಹೇಳುತ್ತ ಹೋದೆ. ನಡುವೆ ಒಂದೇ ಪ್ರಶ್ನೆ ಕೇಳಿದಳು: ಆದೇಶ ಆದಾಗ ನೀವು ರಜೆಯಲ್ಲಿದ್ದಿರೇನು? ಹೌದು ಅಂದೆ. ಹಾಗಾದರೆ ಮುಗಿಯಿತು ಅಂದಳು.

ಹೆರಿಗೆ ರಜೆ ದಯೆ ಅಲ್ಲವಂತೆ, ಹಕ್ಕಂತೆ. ಹೆಂಗಸು ಆ ರಜೆಯಲ್ಲಿದ್ದಾಗ ಅವಳಿಗೆ ನಷ್ಟವಾಗುವಂತೆ ನೌಕರಿಯ ಷರತ್ತು ಬದಲಿಸಲು ಬರುವುದಿಲ್ಲವಂತೆ. ಗ್ರೇಡ್ ಇಳಿಸುವುದಂತೂ ದೂರವೇ ಉಳಿಯಿತು. ಇಷ್ಟು ಕೇಳಿಯೇ ನನ್ನ ಬಾಯಿ ತೆರೆದಿತ್ತು. ಆಮೇಲೆ ಅವಳು ಇನ್ನೊಂದು ಹೇಳಿದಳು. ಕೂಸಿಗೆ ಹದಿನೈದು ತಿಂಗಳಾಗುವವರೆಗೆ, ದಿನಕ್ಕೆ ಎರಡು ಸಲ, ಊಟದ ಬಿಡುವಲ್ಲದೆ ಬೇರೆಯೇ, ಹಾಲು ಕುಡಿಸಲು ಬಿಡುವು ಕೊಡಬೇಕು. ಕಾಯ್ದೆಯಲ್ಲಿ ಬರೆದಿದೆಯಂತೆ. ಯಾವ ಕಾಯ್ದೆ ಎಂದರೆ ಹತ್ತೊಂಬತ್ತು ನೂರಾ ಅರವತ್ತೊಂದರದ್ದು.

ನಾನು ಮತ್ತೆ ಹೇಳು ಅಂದೆ. ಅವಳು ಮತ್ತೆ ಹೇಳಿದಳು.

ನಮ್ಮವ್ವನೂ ಹುಟ್ಟಿರದ ಕಾಲದಲ್ಲಿ ಯಾರೋ ದೊಡ್ಡ ಜನ ದಿಲ್ಲಿಯಲ್ಲಿ ಕೂತು, ನನ್ನ ಎದೆಯ ಹಾಲಿನ ವಿಚಾರ ಮಾಡಿದ್ದರು. ಹೆಬ್ಬಳ್ಳಿಯ ದಾಕ್ಷಾಯಿಣಿ ಎಂಬ ಹುಡುಗಿ ಮುಂದೆ ಒಂದು ದಿನ ಕೆಲಸ ಮಾಡುತ್ತಾಳೆ, ಹನ್ನೊಂದು ಗಂಟೆಗೆ ಅವಳ ಎದೆ ಬಿಗಿಯುತ್ತದೆ, ಅವಳು ಎದ್ದು ಹೋಗಬೇಕಾಗುತ್ತದೆ ಎಂದು. ಅವರಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಆದರೂ ನನಗಾಗಿ ಬರೆದಿಟ್ಟರು. ಬಸ್ಸಿನಲ್ಲಿ ಬರುವಾಗ ಮೈಮೇಲೆ ಮುಳ್ಳು ಎದ್ದವು. ಪಕ್ಕದ ಸೀಟಿನ ಅಜ್ಜಿ ಚಳಿಯೇನು ಎಂದು ಕೇಳಿದಳು.

ಮನೆಯವರಿಗೆ ಹೇಳಿದೆ. ಅವರು ಕಾಯ್ದೆ ಪುಸ್ತಕದಲ್ಲಿ ಇರುತ್ತದೆ, ನೌಕರಿ ಮಾಲೀಕನ ಕೈಯಲ್ಲಿ ಇರುತ್ತದೆ, ಇದ್ದದ್ದನ್ನೂ ಕಳೆದುಕೊಳ್ಳಬೇಡ ಅಂದರು. ಅದೂ ಖರೆಯೇ ಅನಿಸಿತು.

೮ ಜುಲೈ, ಸೋಮವಾರ

ಕೇಳಿದೆ! ಬಾಗಿಲಲ್ಲಿ ನಿಂತು, ಸೆರಗು ತಿರುವುತ್ತ, ಸರ್, ನನ್ನನ್ನು ಮತ್ತೆ ಲ್ಯಾಮಿನಾರ್‌ಗೆ ಹಾಕಲಿಕ್ಕೆ ಆಗುತ್ತದೇನ್ರಿ ಎಂದು ಕೇಳಿದೆ. ಕಾಯ್ದೆಯ ಮಾತು ಬಾಯಿಗೆ ಬರಲಿಲ್ಲ. ಸರ್ ವಿಚಾರ ಮಾಡಿ, ನಾಳೆ ಒಂದು ದಿನ ಕೂತು ಕತ್ತರಿಸು, ಒಂದೂ ಬಾಟಲಿ ಕೊಳೆಯದಿದ್ದರೆ ನೋಡೋಣ ಅಂದರು. ಸಸಿಗೆ ಬೂಷ್ಟು ಬಂದರೆ ನಾಲ್ಕೈದು ದಿನದಲ್ಲಿ ಕಾಣುತ್ತದೆ. ನನ್ನ ಬಾಟಲಿಗೆ ಬೂಷ್ಟು? ನಾಲ್ಕು ವರ್ಷದಲ್ಲಿ ಬೆರಳೆಣಿಕೆಯಷ್ಟು. ಕುಣಿಯುತ್ತ ಬಂದು ಖಾಲಾಗೆ ಹೇಳಿದೆ. ಅವರಿಗೆ ಖುಷಿಯಾಗಲಿಲ್ಲ.

“ಪರೀಕ್ಷಾ ಎದಕ್ಕ? ಲಗ್ನ ಆಗಿ ನಾಕು ವರ್ಷ ಆದಮ್ಯಾಲ ಯಾರರ ಕನ್ಯಾ ನೋಡಾಕ ಬರ್ತಾರೇನು?”

ನಗು ಬಂತು. ಆದರೆ ಖಾಲಾಗೆ ಪ್ರತಿಯೊಂದರಲ್ಲೂ ಕಲ್ಲು ಹುಡುಕುವ ಚಟ.

೯ ಜುಲೈ, ಮಂಗಳವಾರ

ಮತ್ತೆ ಕೂತೆ. ಅಬ್ಬಾ.

ಗಾಳಿ ಬೀಸುವ ಆ ಸದ್ದು, ಸ್ಪಿರಿಟ್ ವಾಸನೆ, ಬಾಟಲಿಯ ಮುಚ್ಚಳ ತೆಗೆದರೆ ಒಳಗೆ ಹಸಿರು ಹಸಿರು ಮರಿಗಳು. ಮೊದಲನೆಯದನ್ನು ಚಿಮಟದಲ್ಲಿ ಎತ್ತಿ, ಎಲ್ಲಿ ಕತ್ತರಿಸಲೆಂದು ಎರಡು ಸಲ ನೋಡಿದೆ. ಎರಡನೆಯದಕ್ಕೆ ನೋಡಬೇಕಾಗಲಿಲ್ಲ. ಆಮೇಲೆ ಕೈ ತಾನೇ ನಡೆಯಿತು, ನಾನು ಬರೇ ನೋಡುತ್ತಿದ್ದೆ. ಇಷ್ಟು ದಿನ ಎಲ್ಲಿ ಅಡಗಿಕೊಂಡಿತ್ತು ಈ ವಿದ್ಯೆ? ಅಗ್ಗಿಷ್ಟಿಕೆಯ ಹೊಗೆಗೂ ಹೋಗಿಲ್ಲ, ಬಾಟಲಿಯ ಸಾಬೂನಿಗೂ ಹೋಗಿಲ್ಲ. ಹಡೆಯುವಾಗ ಅರ್ಧ ಜೀವ ಹೋಗುತ್ತದೆ ಅನ್ನುತ್ತಾರೆ; ನನ್ನ ಬೆರಳಿಗೆ ಏನೂ ಆಗಿರಲಿಲ್ಲ. ಸಂಜೆಗೆ ಕಣ್ಣೀರು ಬರುವಷ್ಟು ಸಂತೋಷ.

ಒಂದು ಮಾತು. ಬೆಳಿಗ್ಗೆ ಹೊರಡುವಾಗ ಅತ್ತೆ ಬಲಗೈಗೆ ಅರಿಶಿಣದ ದಾರ ಕಟ್ಟಿದರು. ಹಾಲುಣಿಸುವವಳು ಮೂರು ದಾರಿ ಕೂಡಿದ ಜಾಗ ದಾಟಿ ಹೋದರೆ ಹಾಲಿಗೆ ದೃಷ್ಟಿ ತಾಗಿ ಬತ್ತುತ್ತದೆ ಎನ್ನುತ್ತಾರೆ. ಅದಕ್ಕೆಂದು ಮಠದ ಅಜ್ಜಾರಿಂದ ಮಂತ್ರಿಸಿಕೊಂಡು ತಂದದ್ದು. ಲ್ಯಾಮಿನಾರ್‌ನಲ್ಲಿ ಬಳೆ, ಉಂಗುರ, ದಾರ ಯಾವುದೂ ನಡೆಯುವುದಿಲ್ಲ. ಆದರೆ ಬಿಚ್ಚಲು ಮನಸ್ಸಾಗಲಿಲ್ಲ. ಕೂಸಿನ ಹಾಲಿನ ವಿಷಯ. ಮೊಣಕೈ ತನಕ ಏರಿಸಿ ಏಪ್ರನ್ನಿನ ತೋಳಿನೊಳಗೆ ಸೇರಿಸಿದೆ. ನಡುನಡುವೆ ಜಾರುತ್ತಿತ್ತು, ಏರಿಸಿಕೊಂಡೆ.

೧೩ ಜುಲೈ, ಶನಿವಾರ

ಕೊಳೆತಿವೆ. ಅರ್ಧಕ್ಕರ್ಧ ಬಾಟಲಿಗಳಲ್ಲಿ ಬಿಳಿ ಬೂಷ್ಟು. ಸರ್ ಬೈಯಲಿಲ್ಲ. “ನಾ ಹೇಳಿರಲಿಲ್ಲೇನವಾ?” ಅಂದರು, ಅಷ್ಟೇ.

೧೪ ಜುಲೈ, ರವಿವಾರ

ನನ್ನ ಬುದ್ಧಿಗೆ ಬೆಂಕಿ ಹಾಕ. ಅರಿಶಿಣ ಹಚ್ಚಿದ ಹಸಿ ನೂಲು, ಮೂರು ದಿನ ದೇವರ ಜಗಲಿಯ ಮೇಲೆ ಹೂವಿನ ಕೆಳಗೆ ಇಟ್ಟಿದ್ದು, ಅದನ್ನು ತೋಳಲ್ಲಿ ಕಟ್ಟಿಕೊಂಡು ಬಾಯಿ ತೆರೆದ ಬಾಟಲಿಗಳ ಮೇಲೆ ಕೈ ಆಡಿಸಿದ್ದೇನೆ. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠವಿದು. ಹೊಸಬಳಾದ ಇಂದು ಕೂಡ ಹೀಗೆ ಮಾಡುತ್ತಿರಲಿಲ್ಲ. ಒಳಗೊಳಗೇ ಅತ್ತೆಯ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೆ.

ಅತ್ತೆಗೆ ಹೇಳಬಾರದೆಂದುಕೊಂಡೆ, ಆದರೆ ಅವರೇ ಕೇಳಿದರು, ಯಾಕೆ ಮೋರೆ ಬಾಡಿದೆ ಎಂದು. ಹೇಳಿಬಿಟ್ಟೆ. ಜಗಳವಾಗುತ್ತದೆ ಅಂದುಕೊಂಡಿದ್ದೆ. ನಮ್ಮ ಅತ್ತೆ ಬಾಳವ್ವ ಅಂದರೆ ಊರಿಗೇ ಬಾಯಿ ಜೋರಿನ ಹೆಂಗಸು. ಆದರೆ ಹತ್ತಿರ ಬಂದರು. ನನ್ನ ತೋಳು ಹಿಡಿದು ಗಂಟು ಬಿಚ್ಚಿದರು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದರು. ಆಮೇಲೆ ಹೋಗಿ ತೊಟ್ಟಿಲಿಗೆ ಕಟ್ಟಿದರು.

“ದೇವರು ಮನ್ಯಾಗ ಇರ್ಲಿ. ನೀ ಕೆಲಸಕ್ಕ ಖಾಲಿ ಕೈಲೆ ಹೋಗು.”

ಇಷ್ಟು ವರ್ಷದಲ್ಲಿ ಅತ್ತೆಯನ್ನು ನಾನು ನೋಡೇ ಇಲ್ಲ ಅನಿಸಿತು.

ಮಧ್ಯಾಹ್ನ ಫರಹತಳ ಫೋನ್ ಬಂತು. ಪರೀಕ್ಷೆಯಲ್ಲಿ ನಪಾಸಾದೆ, ಮುಗಿಯಿತು ಅಂದೆ. ಅವಳು ಬೈದಳು. ಬಾಟಲಿ ಕೆಟ್ಟದ್ದು ಬೇರೆ ವಿಷಯ, ಜಾಗ ಬೇರೆ ವಿಷಯ, ಎರಡನ್ನೂ ಒಂದೇ ಗಂಟು ಮಾಡಿದ್ದು ನೀವು ಅಂದಳು. ಕೆಲಸ ಕೆಟ್ಟರೆ ಎಲ್ಲರಿಗೂ ಏನು ಶಿಕ್ಷೆಯೋ ಅದು ನಿಮಗೂ. ಹಡೆದದ್ದಕ್ಕೆ ಶಿಕ್ಷೆ ಇಲ್ಲ. ಫೋನ್ ಇಟ್ಟ ಮೇಲೂ ಆ ಮಾತು ತಲೆಯಲ್ಲಿ ತಿರುಗುತ್ತಿತ್ತು. ಜೋಳದ ರೊಟ್ಟಿ ಬಡಿಯುತ್ತ ಬಡಿಯುತ್ತ ಅದನ್ನೇ ಹೇಳಿಕೊಂಡೆ. ರೊಟ್ಟಿ ಎರಡು ಹರಿದವು.

೧೫ ಜುಲೈ, ಸೋಮವಾರ

ಬಾಟಲಿ ತೊಳೆಯುವ ಕಡೆ ಹೋಗಲಿಲ್ಲ. ಸೀದಾ ಸರ್ ಕೋಣೆಗೆ ಹೋದೆ. ಕೂಡು ಅನ್ನಲಿಲ್ಲ, ಕೂತೆ. ಇದನ್ನು ಈಗ ಬರೆಯುವಾಗ ಗೊತ್ತಾಗುತ್ತಿದೆ, ಆಗ ಗೊತ್ತಾಗಲಿಲ್ಲ.

ದಾರದ ವಿಷಯ ನಾನೇ ಹೇಳಿದೆ, ಇನ್ನು ಮುಂದೆ ಆಗುವುದಿಲ್ಲ ಅಂದೆ. ಸರ್ ಸಮಾಧಾನದಿಂದ ತಲೆ ಆಡಿಸಿ, ಹೋಗಲಿ ಬಿಡು, ತೊಳೆಯುವ ಕೆಲಸವೂ ಕೆಲಸವೇ ಅಂದರು. ಆಗ ನಾನು ಹೇಳಿದೆ:

“ಬಾಟಲಿ ಕೆಡಿಸಿದ್ದು ಖರೇ ಐತ್ರಿ. ಅದಕ್ಕ ಬೈರಿ, ಮೆಮೊ ಕೊಡ್ರಿ, ಎಲ್ಲಾರಿಗೂ ಏನು ಮಾಡ್ತೀರಿ ಅದನ್ನ ಮಾಡ್ರಿ. ಆದ್ರ ನಾ ರಜಾದಾಗಿದ್ದಾಗ ನನ್ನ ಜಾಗಾ ಇಳಸಾಕ ಬರೂದಿಲ್ರಿ ಸರ್. ನಾ ಹಡಿಯಾಕ ಹೋಗಿದ್ದೆ, ನೌಕರಿ ಬಿಟ್ಟು ಹೋಗಿರಲಿಲ್ಲ.”

ಯಾರ ದನಿ ಅದು? ಕೋಣೆಯಲ್ಲಿ ಇನ್ನೊಬ್ಬ ಹೆಂಗಸು ಇದ್ದಾಳೇನೋ ಎಂದು ಹಿಂದೆ ತಿರುಗಿ ನೋಡುವಂತಾಯಿತು. ದಿನಕ್ಕೆ ಎರಡು ಬಿಡುವಿನ ಮಾತನ್ನೂ ಹೇಳಿದೆ. ಸರ್ ಕನ್ನಡಕ ತೆಗೆದು ಒರೆಸಿದರು. ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅರವತ್ತೊಂದರಿಂದ ಇದೆ ಸರ್ ಅಂದೆ. ಹಾಗಾದರೆ ಇಂದುವನ್ನು ಏನು ಮಾಡಲಿ, ಆಕೆಯೂ ಬಡವರ ಮನೆಯ ಹುಡುಗಿ, ನಿನ್ನ ಸಲುವಾಗಿ ಆಕೆಯನ್ನು ಮನೆಗೆ ಕಳಿಸಲೇನು ಅಂದರು. ಲಿಖಿತ ಅರ್ಜಿ ಕೊಡುತ್ತೇನೆ ಎಂದಷ್ಟೇ ಹೇಳಿ ಎದ್ದು ಬಂದೆ.

೧೬ ಜುಲೈ, ಮಂಗಳವಾರ

ಊಟದ ಹೊತ್ತಿಗೆ ಅಡಿಗೆಮನೆಯಲ್ಲಿ ಕೂತು ಅರ್ಜಿ ಬರೆದೆ. ನಾಲ್ಕೇ ಸಾಲು. ಸಾಕ್ಷಿಗೆ ಖಾಲಾ ಸಹಿ ಮಾಡಿದರು. ಕೊಡಲು ಏಳುವಾಗ ಇಂದು ಬಂದು ಬಾಗಿಲಲ್ಲಿ ನಿಂತಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳು ಕಾಗದ ಓದಿದಳು, ಪೆನ್ನು ಕೇಳಿದಳು. ನಿನಗೆ ಯಾಕೆ, ನಿನ್ನ ನೌಕರಿಗೇ ಕುತ್ತು ಬಂದೀತು ಅಂದೆ.

“ಶ್ರಾವಣದಾಗ ನನ್ನ ಲಗ್ನ ಐತ್ರಿ ಅಕ್ಕಾರ. ನಾಳೆ ನಾ ಹಡಿಯಾಕ ಹೋದಾಗ ಇದ ಕುರ್ಚಿ ಮ್ಯಾಲ ಮತ್ತೊಬ್ಬಾಕಿ ಕುಂತಿರ್ತಾಳ.”

ಸಹಿ ಮಾಡಿದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ನಾನು ಆ ವಯಸ್ಸಿನಲ್ಲಿ ಬಸ್ ಕಂಡಕ್ಟರ್‌ನ ಹತ್ತಿರ ಚಿಲ್ಲರೆ ಕೇಳಲೂ ಹೆದರುತ್ತಿದ್ದೆ. ಇಂಥ ಹುಡುಗಿಯನ್ನು ಎರಡು ವಾರ ಮನಸ್ಸಿನಲ್ಲೇ ಶಪಿಸಿದ್ದೆನಲ್ಲ! ಅವಳ ಕೈ ಹಿಡಿದುಕೊಂಡೆ.

ಆಗ ಖಾಲಾ ಮೂಲೆಯ ಮೂರನೇ ಲ್ಯಾಮಿನಾರ್ ನೆನಪಿಸಿದರು. ಫಿಲ್ಟರ್ ಕೆಟ್ಟು ವರ್ಷದಿಂದ ಬಟ್ಟೆ ಹೊದ್ದು ನಿಂತಿದೆ. ಅದನ್ನು ರಿಪೇರಿ ಮಾಡಿಸಿದರೆ ಇಬ್ಬರಿಗೂ ಜಾಗವಿದೆ. ಐದನೇ ಸಾಲಾಗಿ ಅದನ್ನೂ ಬರೆದೆವು.

೧೯ ಜುಲೈ, ಶುಕ್ರವಾರ

ಎರಡು ದಿನ ಉತ್ತರವಿಲ್ಲ. ಮನೆಯವರು ಊಟ ಮಾಡಿ ಎದ್ದು ಹೋಗುತ್ತಿದ್ದರು. ನೌಕರಿ ಹೋಯಿತೆಂದೇ ತಿಳಿದಿದ್ದರು, ನಾನೂ.

ಇವತ್ತು ಸಂಜೆ ಸರ್ ಕರೆದರು. ಮಾಲೀಕರ ಜೊತೆ ಮಾತಾಡಿದೆ, ಅವರು ತಮ್ಮ ವಕೀಲರನ್ನು ಕೇಳಿದರು, ವಕೀಲರು ಹುಡುಗಿ ಹೇಳಿದ್ದು ಸರಿ ಇದೆ ಅಂದರು ಎಂದು, ಒಂದೊಂದೇ ಮಾತನ್ನು ಹಲ್ಲಿನಿಂದ ಎಳೆದು ಹೇಳಿದರು. ಏಪ್ರಿಲ್‌ನ ಆದೇಶ ರದ್ದು. ಸೋಮವಾರದಿಂದ ಹಳೇ ಗ್ರೇಡ್, ಹಳೇ ಜಾಗ, ದಿನಕ್ಕೆ ಎರಡು ಬಿಡುವು. ಫಿಲ್ಟರ್ ತರಿಸುತ್ತಾರೆ, ಅಲ್ಲಿಯವರೆಗೆ ಇಂದು ಖಾಲಾನ ಜೊತೆ ಅಡಿಗೆಮನೆಯಲ್ಲಿ. ಕೆಡಿಸಿದ ಬಾಟಲಿಗಳಿಗೆ ನನಗೆ ಮೆಮೊ ಕೂಡ ಕೊಟ್ಟರು. ತೆಗೆದುಕೊಂಡೆ, ನ್ಯಾಯದ್ದು.

ಥ್ಯಾಂಕ್ಸ್ ಹೇಳಲು ಮರೆತೆ. ಗೇಟಿನ ತನಕ ಬಂದ ಮೇಲೆ ನೆನಪಾಯಿತು. ಬಸ್ ಬಂತು, ಹತ್ತಿದೆ.

ಬಿಡುವು ಸಿಕ್ಕಿತು, ಆದರೆ ಕೂಸು ಅಮ್ಮಿನಬಾವಿಯಲ್ಲಿ. ಲ್ಯಾಬ್ ಸಣ್ಣದು, ಕೂಸುಗಳನ್ನು ನೋಡಿಕೊಳ್ಳುವ ಕೂಸಿನ ಮನೆ ಇಡಲೇಬೇಕೆಂದು ಕಾಯ್ದೆ ಹೇಳುವಷ್ಟು ಕೆಲಸಗಾರರು ಇಲ್ಲ. ಏನು ಮಾಡುವುದೆಂದು ಮನೆಯವರು ಲೆಕ್ಕ ಹಾಕುತ್ತಿದ್ದರು. ಒಳಗಿಂದ ಅತ್ತೆ ಹೇಳಿದರು, ಕುಮಾರಾ, ನನಗೊಂದು ಬಸ್ಸಿನ ಪಾಸ್ ಮಾಡಿಸಿಕೊಡು ಎಂದು.

೨೨ ಜುಲೈ, ಸೋಮವಾರ

ಬೆಳಿಗ್ಗೆಯಿಂದ ನನ್ನ ಜಾಗದಲ್ಲಿ ಕೂತು ಕತ್ತರಿಸಿದೆ. ಕಿಟಕಿಯಾಚೆ ಮಳೆ ಬಿಟ್ಟಿತ್ತು. ಹನ್ನೊಂದು ಗಂಟೆಗೆ ಮುಚ್ಚಳ ಹಾಕಿ, ದೀಪ ಆರಿಸಿ, ಏಪ್ರನ್ ಬಿಚ್ಚಿ, ಕೂಸಿಗೆ ಹಾಲು ಕುಡಿಸಿ ಬರುತ್ತೇನೆ ಎಂದು ಹೇಳಿ ಎದ್ದೆ. ಸರ್ ಗಡಿಯಾರ ನೋಡಿದರು, ನೋಡಲಿ. ಅವರ ಮುಂದೆಯೇ ನಡೆದು ಹೊರಗೆ ಬಂದೆ.

ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ವಾಚ್‌ಮನ್ ಕುರ್ಚಿ ಕೊಟ್ಟಿದ್ದ, ಅದನ್ನು ನನಗೆ ಬಿಟ್ಟು ತಾವು ಕಟ್ಟೆಯ ಮೇಲೆ. ಕೂಸು ನನ್ನ ದನಿ ಕೇಳಿ ಕಾಲು ಬಡಿಯಿತು. ಎತ್ತಿಕೊಂಡು ಸೆರಗು ಹೊದಿಸಿದೆ. ಹಾಲು ಇಳಿಯುವಾಗ ಕಣ್ಣಿಗೆ ಕತ್ತಲೆ ಬಂದ ಹಾಗಾಗುತ್ತದೆ, ಇವತ್ತೂ ಆಯಿತು.

ಅತ್ತೆ ನನ್ನನ್ನು ನೋಡುತ್ತ ಕೂತಿದ್ದರು. ಆಮೇಲೆ ಯಾರನ್ನು ಕೇಳಿ ಬಂದೆ ಎಂದರು. ಯಾರನ್ನೂ ಕೇಳಿಲ್ಲ, ಹೇಳಿ ಬಂದೆ ಅಂದೆ. ಪಗಾರ ಹಿಡಿಯುವುದಿಲ್ಲವೇನು ಎಂದರು. ಇಲ್ಲ ಅಂದೆ.

ಕೂಸಿನ ಪಾದ ಸವರುತ್ತ, ಯಾವತ್ತೂ ಹೇಳದ್ದನ್ನು ಹೇಳಿದರು. ಕುಮಾರ ಎಳೆಗೂಸಿದ್ದಾಗ ಅವರು ಪರರ ಹೊಲದಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದರಂತೆ. ಬದುವಿನ ಜಾಲಿಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಿದ್ದರು.

“ಅಂವಾ ಅಳೂದು ಕೇಳತಿತ್ತು. ಸಾಲು ಮುಗಿಯೂತನಕಾ ಏಳಾಕ ಬಿಡ್ತಿರಲಿಲ್ಲ. ಕುಬಸಾ ತೊಯ್ದು ಹೊಟ್ಟಿ ತನಕ ಇಳೀತಿತ್ತು. ನಾ ಹತ್ತಿ ಬಿಡಸ್ಕೋಂತ ಹೋಗತಿದ್ದೆ.”

ಊರಿಗೇ ಜೋರಾದ ಆ ಬಾಯಿ ಇದನ್ನು ಇಷ್ಟು ಮೆಲ್ಲಗೆ ಹೇಳಿತು.

“ಈ ಕಾಯ್ದೆ ಈಗೀಗ ಬಂದದ್ದೇನವಾ?”

“ಇಲ್ರಿ. ನೀವು ಹುಟ್ಟೂದಕ್ಕಿಂತ ಮೊದಲಿನದು.”

ಅತ್ತೆ ರಸ್ತೆಯ ಕಡೆ ನೋಡಿದರು. ಆ ಕಾಯ್ದೆ ಕಾರ್ಖಾನೆ, ಆಫೀಸುಗಳ ಬಾಗಿಲ ತನಕ ಬಂದು, ಪರರ ಹೊಲದ ಬದುವಿನ ತನಕ ಬರಲಿಲ್ಲ ಎಂದು ಫರಹತ ಹೇಳಿದ್ದಳು. ಅದನ್ನು ಅವರಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಕೂಸು ಕುಡಿಯುವ ಸದ್ದು ಇಬ್ಬರಿಗೂ ಕೇಳುತ್ತಿತ್ತು. ಹೊತ್ತಾಯಿತೆಂದು ನಾನು ಮಗಳನ್ನು ಎದೆಯಿಂದ ಬಿಡಿಸಲು ಹೋದೆ. ಅತ್ತೆ ನನ್ನ ಕೈ ಹಿಡಿದರು.

“ಗಡಬಡಿ ಮಾಡಬ್ಯಾಡ. ಪೂರ್ತಿ ಕುಡೀಲಿ.”

ಕೂಸು ಪೂರ್ತಿ ಕುಡಿಯಿತು.